ಸೂಟು

ಚಿಕ್ಕಮಗಳೂರಿನ ಓಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು.
ಐದೂವರೆಗೆ ಅಂದರೆ ಐದೂವರೆಗೇ ಸೀಟಿ.
ಎರಡು ಕಿಲೋಮೀಟರಿಗೊಂದು ಮೇಜು, ಉಪ್ಪು ಹಚ್ಚಿದ ಕಿತ್ತಳೆ.
ಕೈಮರದ ಏರಿನಲ್ಲಿ ಎನ್‌ಸಿಸಿ ಹುಡುಗಿಯೊಬ್ಬಳು
ಎದೆಯ ಚೀಟಿ ಓದಿ, "ಜವರಪ್ಪ ಸಾರ್, ಇನ್ನು ಇಳಿಜಾರೇ" ಎಂದಳು.
ಇಳಿಜಾರೇ ಆಗಿತ್ತು.
ಅದರ ಬಗ್ಗೆ ಹೇಳಲು ಇನ್ನೇನೂ ಇಲ್ಲ.

ನಮ್ಮ ಹಾಸನದ್ದು ಬೇರೆ.
ಉದ್ಘಾಟಕರು ಬರಲಿಲ್ಲವೆಂದು ಏಳೂವರೆ ತನಕ ನಿಂತೆವು,
ಬೆವರಿಗಿಂತ ಮೊದಲು ಬಿಸಿಲು ಬಂತು.
ರಾತ್ರಿಯ ಮಳೆಗೆ ಸುಣ್ಣದ ಬಾಣ ಅಳಿಸಿ
ಗೊರೂರು ರಸ್ತೆಯ ಕವಲಿನಲ್ಲಿ
ಮುಂದಿನವನ ಬೆನ್ನನ್ನೇ ದಾರಿಯೆಂದು ನಂಬಿದೆ.
ಅವನು ಬಸ್ಸು ಹಿಡಿಯಲು ಓಡುತ್ತಿದ್ದ.

ಹದಿನಾರನೇ ಕಿಲೋಮೀಟರಿನ ಮೇಜಿನಲ್ಲಿ
ಖಾಲಿ ಲೋಟಗಳು, ಕೆಳಗೊಂದು ನಾಯಿ.
ಕೊಳಾಯಿಯಲ್ಲಿ ಬಿಂದಿಗೆ ಹಿಡಿಯುತ್ತಿದ್ದ ಹೆಂಗಸು
ನನ್ನ ಬೊಗಸೆಗೆ ನೀರು ಹುಯ್ಯುತ್ತ ಕೇಳಿದಳು:
"ಯಾರಪ್ಪಾ ಅಟ್ಟುಸ್ಕಂಡ್ ಬತ್ತಾವ್ರೆ ನಿನ್ನ?"

ಮುಗಿದಾಗ ಕೈಯ ವಾಚು ಹೇಳಿತು:
ಇಪ್ಪತ್ತೊಂದಲ್ಲ, ಇಪ್ಪತ್ತಮೂರು.
ಪದಕ ಖಾಲಿ. ಪೆಂಡಾಲು ಬಿಚ್ಚುತ್ತಿದ್ದರು.
ಮೈಕಿನವನ ಜೊತೆ ಜಗಳಕ್ಕೆ ನಿಂತೆ:
ಎರಡು ಕಿಲೋ ಹೆಚ್ಚು, ಯಾರ ಲೆಕ್ಕಕ್ಕಯ್ಯಾ?

ಕೇಳಿದ ಮೇಲೆ ಬಾಯಿ ತಾನೇ ಮುಚ್ಚಿತು.
ಆಲೂಗಡ್ಡೆ ಮಂಡಿಯಲ್ಲಿ ತೂಕ ಬರೆಯುವವನು ನಾನು.
ಇಪ್ಪತ್ತೆರಡು ವರ್ಷ, ಮೂಟೆಗೆ ಎರಡು ಕಿಲೋ
ಸೂಟು ಅಂತ ಹೊಡೆದು ಹಾಕಿದ ಕೈ ಇದು.
ಅಲ್ಲಿ ಜಗಳಕ್ಕೆ ಮೈಕು ಇರುವುದಿಲ್ಲ.

ಸೋಮವಾರ ಮಂಡಿಗೆ ಕುಂಟುತ್ತ ಹೋದೆ.
ಮೊದಲ ಗಾಡಿ ದುದ್ದದ ಕಡೆಯದು.
ಮುಳ್ಳು ನಿಂತ ಮೇಲೂ, ಯಾಕೋ,
ಪೆನ್ನು ಎತ್ತಿ ಹಿಡಿದೇ ಕೂತಿದ್ದೆ.
ಹಿಂದಿನಿಂದ ಸಾಹುಕಾರರು ಕೆಮ್ಮಿದರು.