ಬುಡದ ಹಳದಿ

ಕುತೈಸಿಯ ಹಳೆ ಆಸ್ಪತ್ರೆಗೆ ಮುನ್ನೂರ ಹನ್ನೆರಡು ಬಾಗಿಲು.
ಭುಜದೆತ್ತರಕ್ಕೆ ಹಸಿರು ಎಣ್ಣೆಬಣ್ಣ,
ಅಲ್ಲಿಂದ ಚಾವಣಿಯವರೆಗೂ ಬಿಳಿ.
ಏಳು ಜನ ಹೆಂಗಸರು, ಹದಿನಾಲ್ಕು ರೋಲರು,
ಎಣಿಸಿದ್ದೇನೆ, ನಲವತ್ಮೂರು ಬ್ರಷ್ಷು.
ಎಂಟನೆಯವಳು ನಾನು.
ನನಗೆ ಬಕೆಟ್ಟು.

ಹೆಸರಿತ್ತು ನನಗೂ, ಯಾರೂ ಕೇಳಲಿಲ್ಲ.
ಗೋಗೋ ಅಂದರೆ ಆಯಿತು, ಬರೀ ಹುಡುಗಿ.
"ಗೋಡೆ ಎಲ್ಲಿಗೂ ಓಡುವುದಿಲ್ಲ ಗೋಗೋ," ಅಂದಳು ಲಾಮಾರಾ,
"ಬಣ್ಣ ಒಣಗುತ್ತದೆ. ಮೊದಲು ಅದನ್ನು ಕಲಿ."

ಬಿಳಿಗೆ ಉಗುರುಬೆಚ್ಚನೆ ನೀರು, ಹಸಿರಿಗೆ ಸೀಮೆಎಣ್ಣೆ.
ಅದಲುಬದಲಾಯಿತೋ, ಕೈಗೆ ಬರುವುದು ಅಂಟಿನ ಮುದ್ದೆ.
ಮೊದಲನೇ ತೊಳೆತ ಮೋಸ.
ಎರಡನೆಯದು ಮುಖಸ್ತುತಿ.
ಮೂರನೆಯದಕ್ಕೆ, ತಗಡಿನ ಪಟ್ಟಿಯ ಒಳಗಿಂದ,
ಹಂದಿಕೂದಲ ಬುಡದಿಂದ,
ಅಡಗಿ ಕೂತದ್ದು ಮೆಲ್ಲಗೆ ಇಳಿಯತೊಡಗುತ್ತದೆ.
ಆಮೇಲೆ ಬಾಚಣಿಗೆ. (ದೋದೋಳ ಸತ್ತ ಗಂಡನದು, ನಾಲ್ಕು ಹಲ್ಲಿಲ್ಲ.)
ಆಮೇಲೆ ಹಳೆ ಪತ್ರಿಕೆಯಲ್ಲಿ ಸುತ್ತಿ
ಮೊಳೆಗೆ ತಲೆಕೆಳಗಾಗಿ ತೂಗುಹಾಕು.
ನಿಲ್ಲಿಸಿದರೆ ಕೂದಲು ಸೊಟ್ಟ,
ಸೊಟ್ಟ ಬ್ರಷ್ಷಿಗೆ ಎಷ್ಟು ಬೈದರೂ ನೇರ ಗೆರೆ ಬರದು.

ಕೊಳೆನೀರು ಪೀಪಾಯಿಗೆ.
"ರಿಯೋನಿಗೆ ಸುರಿದೆಯೋ, ಜೋಕೆ!
ಹೊಳೆಯ ಮೀನುಗಳು ಮನೆಗೆ ಬಣ್ಣ ಹೊಡಿ ಅಂತ ಕೇಳಿಲ್ಲ."

ರೋಲರಿನ ಧರ್ಮ ಬೇರೆ.
ನಾಳೆಯೂ ಅದೇ ಬಣ್ಣವಾದರೆ ತೊಳೆಯಲೇಬಾರದು,
ಬ್ರೆಡ್ಡಿನ ಚೀಲದೊಳಗೆ ಇಳಿಸಿ, ಗಾಳಿ ಹಿಂಡಿ, ಕತ್ತು ಬಿಗಿದು
ನೆರಳಲ್ಲಿ ಮಲಗಿಸಬೇಕು, ಹಸುಗೂಸಿನ ಹಾಗೆ.
ಬಣ್ಣ ಬದಲಾಗುವ ಸಂಜೆ ಮಾತ್ರ
ಚಮಚದ ಬೆನ್ನಿನಿಂದ ಕೆರೆದು, ಹಿಂಡಿ, ಮತ್ತೆ ಹಿಂಡಿ,
ಅಂಗೈಗಳ ನಡುವೆ ಕಡೆಗೋಲು ತಿರುಗಿಸಿದ ಹಾಗೆ
ಗಿರ್ರೆನ್ನಿಸಬೇಕು.
ಮೈಯೆಲ್ಲ ಬಿಳಿ ಹನಿ. ಮನೆಗೆ ಹೋದರೆ ಅಮ್ಮ
ಒಂದೇ ದಿನಕ್ಕೆ ಮುದುಕಿಯಾದೆಯಲ್ಲೇ ಅನ್ನುತ್ತಿದ್ದಳು.

ಜೂನಿನಲ್ಲಿ ಅಕ್ಕನ ನಿಶ್ಚಿತಾರ್ಥ. ಓಡುವ ಅವಸರ.
ಒಂದು ರೋಲರು ಬರಿಮೈಯಲ್ಲಿ ಉಳಿಯಿತು.
ಬೆಳಿಗ್ಗೆ ನೋಡಿದರೆ ಜೋಳದ ತೆನೆ,
ಗೋಡೆಗೆ ಬಡಿದರೆ ಟಣ್ ಅಂತಿತ್ತು.
ಲಾಮಾರಾ ಬೈಯಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ
ಮೂರನೇ ಮಹಡಿಯ ಬಾಗಿಲಿಗೆ ಅಡ್ಡ ಇಟ್ಟಳು, ಗಾಳಿಗೆ ಬಡಿಯದಿರಲೆಂದು.
ಬೇಸಿಗೆ ಪೂರ್ತಿ ಆ ದಾರಿ ಹೋದವರೆಲ್ಲ ಬಗ್ಗಿ
"ಏನು ಗೋಗೋ, ಸೌಖ್ಯವೇ?" ಅಂದರು,
ನನಗಲ್ಲ, ಅದಕ್ಕೆ.

ಆಗಸ್ಟು. ಲಾಮಾರಾಳ ದೊಡ್ಡ ಬ್ರಷ್ಷು ನನ್ನ ಕೈಗೆ,
ಸವೆದು ಸವೆದು ಗಿಡ್ಡವಾದದ್ದು, ಹಿಡಿಯಲ್ಲಿ ಅವಳ ಹೆಬ್ಬೆರಳ ಗುಳಿ.
ತೊಳೆದೆ. ಹಸಿರು ಹೋಯಿತು.
ತೊಳೆದೆ. ಕಳೆದ ವರ್ಷದ ಬ್ಯಾಂಕಿನ ನೀಲಿ.
ಹಟ ಹತ್ತಿತು, ಹೆಬ್ಬೆರಳಿಟ್ಟು ಬುಡ ಬಿಡಿಸಿದೆ:
ಹಳದಿ.
ಒಂದು ಎಳೆಯಷ್ಟು, ಮೊಟ್ಟೆಯ ಒಳಗಿನಂಥದು.

"ರೈಲ್ವೆ ಕ್ಯಾಂಟೀನು," ಅಂದಳು ಮಾಕ್ವಾಲಾ.
"ಅಲ್ಲವೇ ಅಲ್ಲ, ಶಾಲೆ," ದೋದೋ.
ಲಾಮಾರಾ ಮೂಸಿ ನೋಡಿದಳು, ಸೀಮೆಎಣ್ಣೆಯಲ್ಲದೆ ಇನ್ನೇನು ಸಿಕ್ಕಿತೋ.
"ಕರೆಂಟಿಲ್ಲದ ಚಳಿಗಾಲ. ಹೆರಿಗೆ ವಾರ್ಡು.
ಒಬ್ಬಳು ಮೇಣದಬತ್ತಿ ಹಿಡಿಯುವುದು, ಒಬ್ಬಳು ಹೊಡೆಯುವುದು.
ಕೂಲಿಗೆ ಅರ್ಧ ಮೂಟೆ ಹಿಟ್ಟು ಕೊಟ್ಟರು."

ಎಲ್ಲರೂ ಸುಮ್ಮನಾದರು.
ನನ್ನ ಬಾಯಿ ಮಾತ್ರ ಸುಮ್ಮನಿರಲಿಲ್ಲ:
"ಹಾಗಾದರೆ ಆವತ್ತು ನೀನು ಸರಿಯಾಗಿ ತೊಳೆದಿರಲಿಲ್ಲ."

ಬಕೆಟ್ಟಿನ ನೀರೂ ಅಲುಗದ ಒಂದು ಗಳಿಗೆ.
ಆಮೇಲೆ ದೋದೋ ಏಣಿ ಹಿಡಿದುಕೊಂಡು ನಕ್ಕಳು,
ಮಾಕ್ವಾಲಾ ನೆಲಕ್ಕೇ ಕೂತಳು.
"ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿತ್ತೇ ಕತ್ತೆ,
ಉಗುಳಿ ಒರೆಸಿದ್ದೆ," ಅಂದಳು ಲಾಮಾರಾ,
ಬಕೆಟ್ಟು ತನ್ನೆಡೆಗೆ ಎಳೆದುಕೊಂಡು,
ತೋಳು ಮಡಚಿ, ತೊಳೆಯಲು ಕೂತಳು ತಾನೇ.

ಒಣಗಿದ ಇನ್ನೊಂದು ಬ್ರಷ್ಷು ನನ್ನತ್ತ ಎಸೆದಳು, ನೋಡದೆಯೇ.
"ಹೋಗು, ಆ ಕಿಟಕಿಯ ಕೆಳಗಿಂದ ಶುರುಮಾಡು."
ಎದುರಿಗೆ ಗೋಡೆ.
ಎಲ್ಲಿಗೂ ಓಡದೆ ನಿಂತಿತ್ತು.