ಕುತ್ತಿಗೆ, ಹದಿಮೂರೂವರೆ

ಶಾಲೆಯ ದಾಖಲೆಯಲ್ಲಿ ಅವಳು ಹುಟ್ಟಿದ್ದು ಜೂನ್ ಒಂದು.
ಬ್ಯಾಂಕಿನವರು ಆವತ್ತೇ ಮೆಸೇಜು ಕಳಿಸುತ್ತಾರೆ.
ಅದು ಹೆಡ್ ಮಾಸ್ತರರು ಕೊಟ್ಟ ಹುಟ್ಟು.
ನನ್ನ ಲೆಕ್ಕ ಬೇರೆ:
ಎಳ್ಳಮಾವಾಸ್ಯೆಯ ಮಾರನೇ ದಿನ, ಬೆಳಗಿನ ಜಾವ,
ಚಿಗಟೇರಿ ಆಸ್ಪತ್ರೆಯಿಂದ ಅತ್ತೆ ಹೇಳಿ ಕಳಿಸಿದಾಗ
ಕೈಯಲ್ಲಿದ್ದ ಕತ್ತರಿ ಜಾರಿ
ಯಾರದೋ ಮದುವೆಯ ಸಫಾರಿ ಬಟ್ಟೆ
ತೋಳಿನ ಬುಡದಲ್ಲಿ ಅಡ್ಡಕ್ಕೆ ಹರಿಯಿತು.
ದುಡ್ಡು ಕಟ್ಟಿಕೊಟ್ಟೆ, ಎರಡು ಕಂತಿನಲ್ಲಿ.
ಅವಳಿಗಾಗಿ ನಾನು ತೆತ್ತ ಮೊದಲ ದಂಡ.

ಮುಕ್ತಾ ಎಂದು ಹೆಸರಿಟ್ಟವಳು ನನ್ನವ್ವ,
ಮುತ್ತು ಎಂಬ ಅರ್ಥದಲ್ಲಿ.
ಇವಳು ಪದವನ್ನು ಮಗ್ಗುಲು ತಿರುವಿ
ಇನ್ನೊಂದು ಅರ್ಥ ತೊಟ್ಟುಕೊಂಡಳು.

ಹಗೇದಿಬ್ಬದ ಈ ಅಂಗಡಿಯಲ್ಲಿ
ಅಳತೆ ಪುಸ್ತಕಗಳ ಒಂದು ಅಟ್ಟಿಯೇ ಇದೆ.
ಪ್ರತಿ ವರ್ಷ ಆ ದಿನ ಒಂದು ಪುಟ ಅವಳದು:
ಉದ್ದ, ಎದೆ, ಸೊಂಟ, ತೋಳು,
ಮೂಲೆಯಲ್ಲಿ ಸಣ್ಣಗೆ "ಜೇಬು ಬೇಕಂತೆ".
ಆರು ವರ್ಷದವಳು, ಫ್ರಾಕಿಗೆ ಜೇಬು!
ಇಟ್ಟೆ. ಸಂಜೆ ಒಗೆಯಲು ಹಾಕಿದಾಗ ಅದರಿಂದ
ಜೀವಂತ ಜೀರುಂಡೆಯೊಂದು ಹೊರಗೆ ಬಂತು.
ಹನ್ನೆರಡಾದ ಮೇಲೆ ಟೇಪು ಅವಳಮ್ಮನ ಕೈಗೆ ಹೋಯಿತು.
ಪರದೆಯ ಆಚೆಯಿಂದ ಅವಳು ಅಂಕಿ ಕೂಗುತ್ತಿದ್ದಳು,
ನಾನು ಬರೆದುಕೊಳ್ಳುತ್ತಿದ್ದೆ.
ಹತ್ತೊಂಬತ್ತರ ಪುಟದಲ್ಲಿ ಹೆಸರು ಮಾತ್ರ ಇದೆ.

ಆಮೇಲೆ ಅವಳು ಜೇನಿನ ಹಿಂದೆ ಹೋದಳು.
ಹೀಗೆಂದರೆ ಜನ ನಗುತ್ತಾರೆ. ಜೇನೇ, ನಿಜವಾದ ಜೇನು:
ಎಂಬತ್ತು ಪೆಟ್ಟಿಗೆ, ಒಂದು ಟೆಂಪೋ,
ಸೂರ್ಯಕಾಂತಿ ಬಿರಿದರೆ ಜಗಳೂರು,
ತೊಗರಿ ಎಂದರೆ ಕಲಬುರಗಿ,
ಸಾಸಿವೆ ಎಂದರೆ ನನ್ನ ನಾಲಿಗೆ ಹೊರಳದ ಯಾವುದೋ ಊರು.
ಹೂವು ಮುಗಿದ ಕಡೆ ಒಂದು ದಿನ ಹೆಚ್ಚಿಗೆ ಇರುವುದಿಲ್ಲ.
ನೋಡಲು ಬಂದ ಗಂಡಿನ ಕಡೆಯವರು
"ಇರೋದು ಯಾವೂರಲ್ಲಮ್ಮ?" ಎಂದರೆ
"ಯಾವ ತಿಂಗಳಲ್ಲಿ?" ಎಂದಳು.
ಅವರು ಮಂಡಕ್ಕಿ ಅರ್ಧಕ್ಕೇ ಬಿಟ್ಟು ಎದ್ದರು.
ಆ ರಾತ್ರಿ ಅವಳಮ್ಮ ಅತ್ತಳು.
ನಾನು ಬೈದೆ, ಗಂಟಲು ಹರಿಯುವಂತೆ.
ಬೈದು ಬಚ್ಚಲಿಗೆ ಹೋಗಿ, ಒಬ್ಬನೇ, ನಕ್ಕೆ.
ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಇವತ್ತು ಅವಳಿಗೆ ಮೂವತ್ತೇಳು.
ರಾತ್ರಿ ಮೂರಕ್ಕೆ ಶಟರ್ ಬಡಿದಳು.
ಟೆಂಪೋ ಎದುರಿಗೆ ನಿಂತಿತ್ತು, ಬಲೆ ಹೊದ್ದು,
ಒಳಗೆ ಆ ಸದ್ದು,
ಕಾಟನ್ ಮಿಲ್ಲು ರಾತ್ರಿ ಪಾಳಿಯಲ್ಲಿ ದೂರದಿಂದ ಕೇಳುತ್ತಿದ್ದ ಹಾಗೆ.
ಮಿಲ್ಲು ಮುಚ್ಚಿ ಎಷ್ಟೋ ವರ್ಷ;
ಆ ಸದ್ದಿಗೆ ನಿದ್ದೆ ಹತ್ತುತ್ತಿದ್ದ ಕಿವಿ ಮರೆತಿಲ್ಲ.
"ಬೆಳಕಾದ್ರೆ ಹುಳ ಏಳ್ತವೆ, ಒಂದು ಗಂಟೆ ಅಷ್ಟೇ.
ಮುಸುಕು ಹರಿದಿದೆ, ಹೊಲಿದು ಕೊಡಪ್ಪ."

ಮೈತುಂಬ ಹೊಗೆಯ ವಾಸನೆ,
ಎಡಗಣ್ಣಿನ ಕೆಳಗೆ ಕಚ್ಚಿದ ಬಾವು,
ಕಿವಿಯ ಪಕ್ಕ ನಾಲ್ಕಾರು ಬಿಳಿ ಕೂದಲು.
ಪ್ಯಾಂಟಿಗೆ ಎಷ್ಟು ಜೇಬು, ಎಣಿಸಲು ಹೋಗಲಿಲ್ಲ.
ಈ ಬಲೆ ತೇಪೆ ತಡೆಯೋಲ್ಲ, ಹೊಸದೇ ಹೊಲಿಯುತ್ತೇನೆ ಎಂದೆ.
ಪರದೆಯಾಚೆಯಿಂದ ಕೂಗುವವಳು ಈಗ ಇಲ್ಲ.
ಟೇಪು ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತೆ.
ಅವಳೇ ಗದ್ದ ಎತ್ತಿದಳು, ಗಿರಾಕಿಗಳ ಹಾಗೆ,
ಗೋಡೆಯ ಕ್ಯಾಲೆಂಡರು ನೋಡುತ್ತ.
ಕುತ್ತಿಗೆ, ಹದಿಮೂರೂವರೆ.
ಟೇಪಿನಡಿ ನಾಡಿ ಬಡಿಯುತ್ತಿತ್ತು.
ಒಂದು ಬೆರಳು ಸಡಿಲ ಬಿಟ್ಟು ಬರೆದುಕೊಂಡೆ.

"ಬಿಗಿಯಾಯ್ತಾ?"
"ಇಲ್ಲ. ಸರಿ ಇದೆ."

ಹುಟ್ಟಿದ ದಿನ ಅಂತ ನಾನೂ ಅನ್ನಲಿಲ್ಲ, ಅವಳೂ.
ಒಂದು ಬಾಟಲಿ ಜೇನು ಇಸ್ತ್ರಿ ಮೇಜಿನ ಮೇಲಿಟ್ಟು
ಟೆಂಪೋ ಹತ್ತಿದಳು.
ಮತ್ತೆ ಬರೋದು ಯಾವಾಗ ಎಂದು ಕೇಳಿದೆ.

ಐವತ್ತು ವರ್ಷ ಈ ಬೀದಿಯ ಹೆಂಗಸರಿಗೆಲ್ಲ,
ರವಿಕೆ ಕೇಳಿದಾಗ ನಾನು ಹೇಳುತ್ತ ಬಂದದ್ದನ್ನೇ,
ಥೇಟು ನನ್ನದೇ ದನಿಯಲ್ಲಿ,
ಕಿಟಕಿಯಿಂದ ತಲೆ ಹೊರಹಾಕಿ ಹೇಳಿದಳು:
"ನಾಳೆ."