ಅಭಿನಂದನೆಯ ಏಳನೇ ಕರಡು

ಮೊದಲ ಕರಡಿನಲ್ಲಿ 'ಪರಮಪ್ರಿಯ' ಎಂದಿತ್ತು.
ಕಾರ್ಯದರ್ಶಿ ಓಯಾರ್ಸ್ ಕನ್ನಡಕ ಹಣೆಗೇರಿಸಿ
'ಪರಮ' ತೆಗೆಯಿರಿ ಎಂದರು.
ಎರಡನೆಯದರಲ್ಲಿ ಪ್ರಿಯವೂ ಹೋಯಿತು,
ಮೂರನೆಯದರಲ್ಲಿ ಮರಳಿತು, ತಲೆ ತಗ್ಗಿಸಿಕೊಂಡು,
ಸಾಲ ಕೇಳಲು ಬಂದ ಭಾವಮೈದುನನಂತೆ.

ರೀಗಾದಲ್ಲಿ ನವೆಂಬರ್.
ದೌಗಾವಾ ನದಿಯ ಮೇಲೆ ನಾಲ್ಕಕ್ಕೇ ಕತ್ತಲು.
ಕಡಲಾಚೆಯ ನಮ್ಮ ದೊಡ್ಡ ಗೆಳೆಯ ದೇಶ,
ನಮ್ಮ ಬೇಲಿಗೆ ತನ್ನ ಹೆಸರು ಬರೆದುಕೊಟ್ಟದ್ದು,
ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸುತ್ತಿದ್ದವನನ್ನು
ಆರಿಸಿಬಿಟ್ಟಿತ್ತು.
ಪ್ರಮಾಣವಚನಕ್ಕೆ ರಬ್ಬರ್ ಬೂಟಿನಲ್ಲಿ ಬಂದ.
ಒಪ್ಪಂದಗಳನ್ನು ಗಟ್ಟಿಯಾಗಿ ಓದಿಸಿ ಕೇಳಿ
ತಿಳಿಯದ ಕಡೆಯೆಲ್ಲ ನಕ್ಕ.
ರಾಯಭಾರಿಗಳನ್ನು ನೋಡುವುದಿಲ್ಲ,
ಕಾಗದಕ್ಕೆ ಉತ್ತರ ಬರೆಯುವುದಿಲ್ಲ,
ನಿದ್ದೆ ಬಾರದಾಗ ಫೋನ್ ಮಾಡುತ್ತಾನಂತೆ, ಯಾರಿಗಾದರೂ.

ಸಂಪುಟ ಕೂತಿತು.
ರಕ್ಷಣೆಯವರು ನಕ್ಷೆ ಹಾಸಿದರು,
ಹಣಕಾಸಿನವರು ಮೌನ ಹಾಸಿದರು.
ಹೊಗಳಿದರೆ ನಾಳೆ ನಗೆಪಾಟಲು,
ಹೊಗಳದಿದ್ದರೆ ನಾಳೆಯೇ ಇಲ್ಲ.
ಹಾವೂ ಸಾಯಬಾರದು, ಕೋಲೂ ಮುರಿಯಬಾರದು,
ಹಾವು ಎಲ್ಲಿದೆ ಎಂದು ಮಾತ್ರ ಯಾರೂ ಕೇಳಬಾರದು.
ಉಡುಗೊರೆಗೆ ಅಂಬರಿನ ಚದುರಂಗ?
ಬೇಡ, ಆಟವಾಡಿಸುತ್ತಿದ್ದಾರೆ ಅಂದುಕೊಂಡಾನು.
ಜೇನು? ಬೇಡ, ಹಿಂದೆ ಮುಳ್ಳಿದೆ.
ಕೊನೆಗೆ ಉಣ್ಣೆಯ ಕೈಗವಸು.
ಅವನ ಕೈಯ ಅಳತೆ ಕೋರಿ
ಗುಪ್ತಚರ ವಿಭಾಗಕ್ಕೆ ಪತ್ರ ಹೋಯಿತು. ನಾನೇ ಬರೆದೆ.

ಆರನೇ ಕರಡಿನ ರಾತ್ರಿ, ಮೂರಕ್ಕೆ ಹತ್ತು ನಿಮಿಷ,
ಕೆಳಗೆ ಕಾವಲುಕೋಣೆಯ ಫೋನ್ ಬಡಿದುಕೊಂಡಿತು.
ಎತ್ತಿದವಳು ಸ್ಕೈದ್ರೀತೆ,
ಒಂದು ಕಾಲದಲ್ಲಿ ಹಡಗಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ
ಆ ದೇಶದ ಬೈಗುಳದಿಂದ ಜೋಗುಳದವರೆಗೆ ಕಲಿತವಳು.
ಯಾರು? ನಾನು.
ನಾನೆಂದರೆ? ಹೇಳಿದ.
ಸರಿ, ಜೋರಾಗಿ ಮಾತಾಡಿ, ಇಲ್ಲಿ ಹೀಟರ್ ಸದ್ದು.

ನಲವತ್ತೊಂದು ನಿಮಿಷ.

ಬೆಳಿಗ್ಗೆ ಓಯಾರ್ಸ್ ಅವಳೆದುರು ಕುರ್ಚಿ ಎಳೆದು ಕೂತರು.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಹೆಸರು ಕೇಳಿ ಬರೆದುಕೊಂಡರು,
ಕಾಗುಣಿತ ತಪ್ಪಿ, ಮತ್ತೆ ಕೇಳಿ.
ಏನೆಂದ?
ನದಿ ಹೆಪ್ಪುಗಟ್ಟಿತೇ ಎಂದ. ಇನ್ನೂ ಇಲ್ಲ ಎಂದೆ.
ಮತ್ತೆ?
ಕೋಸಿನ ಸಾರಿಗೆ ಹುಳಿ ಯಾವಾಗ ಬಿಡಬೇಕು ಎಂದ. ಹೇಳಿದೆ.
ಮತ್ತೆ?
ನಿಮಗೆ ಹೆದರಿಕೆಯೇ ಎಂದ.

ಕೋಣೆಯ ಪೆನ್ನುಗಳೆಲ್ಲ ನಿಂತವು.

ಹೌದು ಎಂದೆ. ಅವನೂ, ನನಗೂ, ಎಂದ.
ಆಮೇಲೆ ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು.
ಬಿಲ್ಲು ಅವನದೇ, ನಮ್ಮದಲ್ಲ.

ದಾಖಲೆ ಬರೆಯುವ ಕೆಲಸ ನನಗೆ ಬಂತು.
'ಪ್ರಾದೇಶಿಕ ಭದ್ರತೆಯ ಕುರಿತು ಉಭಯ ಪಕ್ಷಗಳು
ಮುಕ್ತ ಮನಸ್ಸಿನಿಂದ ವಿಚಾರ ವಿನಿಮಯ ಮಾಡಿಕೊಂಡವು.
ಕೃಷಿ ಉತ್ಪನ್ನಗಳ ಪ್ರಸ್ತಾಪವೂ ಬಂತು.'
ಆ ಸುಮ್ಮನಿದ್ದದ್ದನ್ನು ಬರೆಯುವುದು ಹೇಗೆಂದು ತಿಳಿಯದೆ
ಎರಡು ಸಾಲು ಖಾಲಿ ಬಿಟ್ಟೆ.
ಕೆಂಪು ಶಾಯಿಯಲ್ಲಿ ವಾಪಸು ಬಂತು:
ಇಲ್ಲಿ ಏನೋ ಬಿಟ್ಟುಹೋಗಿದೆ.

ಏಳನೇ ಕರಡು 'ಮಾನ್ಯರೇ' ಎಂದು ಶುರುವಾಗಿ ಹೊರಟಿತು,
ಜೊತೆಗೆ ಕೈಗವಸು. ಗುಪ್ತಚರರ ಉತ್ತರ ಬರಲೇ ಇಲ್ಲ,
ಅಳತೆ ಹೇಳಿದವಳು ಸ್ಕೈದ್ರೀತೆಯೇ:
ಎಡಗೈಯದು ಒಂದು ಬೆರಳು ಅಗಲ ಇರಲಿ,
ದಿನವಿಡೀ ಸನ್ನೆ ಎಳೆದ ಕೈ ಅದು.

ಈಗ ಕಾವಲುಕೋಣೆಯಲ್ಲಿ ರಾತ್ರಿಯಿಡೀ
ಮೂವರು ಅಧಿಕಾರಿಗಳು, ಧ್ವನಿಮುದ್ರಣ ಯಂತ್ರ,
ಸಂಭವನೀಯ ಪ್ರಶ್ನೆಗಳಿಗೆ ಅನುಮೋದಿತ ಉತ್ತರಗಳ ಪಟ್ಟಿ.
ಹೆದರಿಕೆಯ ಪ್ರಶ್ನೆಗೆ: ಇಲ್ಲ.
ಸ್ಕೈದ್ರೀತೆಗೆ ಹಗಲು ಪಾಳಿ ಕೊಟ್ಟಿದ್ದಾರೆ.
ಫೋನ್ ಬಂದಿಲ್ಲ.

ನಿನ್ನೆ ರಾತ್ರಿ ನದಿ ಹೆಪ್ಪುಗಟ್ಟಿತು.
ಅವನಿಗೆ ತಿಳಿಸಬೇಕಾದವರು ಯಾರು, ಯಾವ ವಿಭಾಗ,
ಕಡತ ನನ್ನ ಮೇಜಿನ ಮೇಲಿದೆ.